ಟಿಕೆಟ್ ಕೇಳಿದವರು, ಟಿಕೆಟ್ ಸಿಕ್ಕವರು

ಚುನಾವಣೆಗೆ ಟಿಕೆಟ್ ಕೇಳಲು ಹೋದವರಿಗೆ ಮೊದಲ ಪ್ರಶ್ನೆ ಏನಿರುತ್ತದೆ ಹೇಳಿ? ಕುಡಿಯುವ ನೀರು? ಚರಂಡಿ? ನಾನೂ ಹಾಗೇ ಅಂದುಕೊಂಡಿದ್ದೆ.

ಎನ್.ಆರ್. ಕಾಲೋನಿಯ ನಮ್ಮ ಎದುರುಮನೆಯ ಶಕುಂತಲಾ ಮೇಡಂ ನಿವೃತ್ತ ಗಣಿತ ಶಿಕ್ಷಕಿ. ನಮ್ಮ ಪಾರ್ಕಿನ ಜಾಗದಲ್ಲಿ ಅಂಗಡಿ ಸಾಲು ಏಳುವುದನ್ನು ತಡೆಯಲು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು. (ಪಾರ್ಕ್ ಉಳಿಯಿತು, ಅವರ ಮಂಡಿ ಹೋಯಿತು.) ಈ ಸಲ ಕಾರ್ಪೊರೇಷನ್ ಚುನಾವಣೆಯಲ್ಲಿ ನಮ್ಮ ವಾರ್ಡ್ ಮಹಿಳೆಯರಿಗೆ ಮೀಸಲು. ಬೀದಿಯವರೆಲ್ಲ ಬಲವಂತ ಮಾಡಿ ಅವರಿಂದ ಒಂದು ಪಕ್ಷಕ್ಕೆ ಅರ್ಜಿ ಹಾಕಿಸಿದೆವು. ಇಂಟರ್‌ವ್ಯೂಗೆ ಕರೆ ಬಂತು. ಜೊತೆಗೆ ನಾನೂ ಹೊರಟೆ.

ಚಾಮರಾಜಪೇಟೆಯ ಒಂದು ಕಲ್ಯಾಣಮಂಟಪ. ಊಟದ ಟೇಬಲ್ಲಿನ ಹಿಂದೆ ಮೂವರು ಗಂಡಸರು. ಮೇಡಂ ಪಾರ್ಕಿನ ಫೈಲ್ ಬಿಚ್ಚಿದರು. ಯಾರೂ ನೋಡಲಿಲ್ಲ. ನೀವು ಯಾವ ಜನ, ನಿಮ್ಮವರ ವೋಟು ವಾರ್ಡಿನಲ್ಲಿ ಎಷ್ಟಿದೆ ಎಂದು ಒಬ್ಬರು ಕೇಳಿದರು. ನನ್ನ ಹತ್ತಿರ ಪಾಠ ಕಲಿತವರೆಲ್ಲ ನಮ್ಮವರೇ ಎಂದರು ಮೇಡಂ. ಆತ ಅದನ್ನು ಬರೆದುಕೊಳ್ಳಲಿಲ್ಲ.

"ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?"

"ತೀರ್ಕೊಂಡು ಒಂಬತ್ತು ವರ್ಷ ಆಯ್ತು."

"ಹಾಗಾದ್ರೆ ಕಾರ್ಪೊರೇಷನ್ ಕೆಲ್ಸ ಎಲ್ಲಾ ಯಾರಮ್ಮ ನೋಡ್ಕೋತಾರೆ?"

ಮೇಡಂಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಅರ್ಥವಾದದ್ದೂ ಆಟೋದಲ್ಲಿ ವಾಪಸು ಬರುವಾಗಲೇ. ಮೀಸಲಾತಿ ಹೆಂಡತಿಗೆ, ಕುರ್ಚಿ ಗಂಡನಿಗೆ!

ನಾಲ್ಕು ದಿನಕ್ಕೆ ಪಟ್ಟಿ ಬಂತು. ನಮ್ಮ ವಾರ್ಡಿಗೆ ಗೀತಾ ಎಂಬಾಕೆ. ಯಾರೀಕೆ? ಹಿಂದಿನ ಕಾರ್ಪೊರೇಟರರ ಹೆಂಡತಿ. ಬೀದಿಗೆ ಬೀದಿಯೇ ಸಿಟ್ಟಾಯಿತು.

ಮರುದಿನ ಬೆಳಿಗ್ಗೆ ಮೇಡಂ ಮನೆಗೆ ಹೋದರೆ ಹಾಲ್‌ನಲ್ಲಿ ಗೀತಾ! ಕೈಯಲ್ಲಿ ನಾಮಪತ್ರ. ಮೇಡಂ ಅವರ ಹಳೆಯ ವಿದ್ಯಾರ್ಥಿನಿಯಂತೆ. ಜಗಳ ಖಾತರಿ ಎಂದುಕೊಂಡೆ.

"ಮಿಸ್, ನನ್ನನ್ನ ಯಾರೂ ಕೇಳ್ಲೇ ಇಲ್ಲ. ಫೋಟೋ ತೆಗೆಸ್ಕೊಂಡು ಬಾ ಅಂದ್ರು, ಅಷ್ಟೇ. ಪೇಪರ್ ನೋಡಿದ್ಮೇಲೇ ಗೊತ್ತಾಗಿದ್ದು."

ಸಹಿ ಹಾಕಬೇಕಾದ ಕಡೆಯೆಲ್ಲ ಯಾರೋ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಟ್ಟಿದ್ದರು. ಉಳಿದದ್ದನ್ನು ಓದುವ ತೊಂದರೆ ಬೇಡ ಎಂದಿದ್ದರಂತೆ.

ಮೇಡಂ ಕನ್ನಡಕ ಹಾಕಿಕೊಂಡರು. "ಕೂತ್ಕೋ. ಓದ್ದೇ ಇರೋದಕ್ಕೆ ಸೈನ್ ಹಾಕ್ಬಾರ್ದು."

ಇಬ್ಬರೂ ಒಂದು ಗಂಟೆ ಕೂತು ಸಾಲು ಸಾಲಾಗಿ ಓದಿದರು. ನಾನು ಒಳಗೆ ಹೋಗಿ ಕಾಫಿ ಮಾಡಿದೆ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಮೇಡಂ ಕೇಳಿದರು, ಸಿಗಲಿಲ್ಲ. ಗೀತಾ ಕೇಳಲಿಲ್ಲ, ಸಿಕ್ಕಿತು. ವೋಟು ಹಾಕುವ ನಮ್ಮನ್ನಂತೂ ಯಾರೂ ಕೇಳುವುದಿಲ್ಲ.

ಮತ್ತೆ, ಈ ಪಕ್ಷದವರು ಕೇಳುವುದಾದರೂ ಯಾರನ್ನು ಸ್ವಾಮಿ?