ಚಹಾ ಬೇಡವೆಂದ ಮೇಡಂ

ಐಗಳಿಯ ನಮ್ಮ ಓಣಿಯಲ್ಲಿ ಉಂಡ ಅತಿಥಿಗೆ ಎದುರಾಡುವ ಪದ್ಧತಿಯಿಲ್ಲ. ಹೊಸ್ತಿಲು ದಾಟುವವರೆಗೆ ಆತ ಹೇಳಿದ್ದೆಲ್ಲ ಸತ್ಯ. ದಾಟಿದ ಮೇಲೆ ಆತನ ಮುತ್ತಜ್ಜನವರೆಗೂ ವಿಚಾರಣೆ. ಈ ಘನ ಸಂವಿಧಾನಕ್ಕೆ ಒಳಪಟ್ಟೇ ದೊಡ್ಡ ನೀರಾವರಿ ಪೈಪ್‌ಲೈನಿನ ಬಗ್ಗೆ ಊರಿನ ಸಭೆ ನಡೆಯಿತು. ನಿವೃತ್ತ ಮಾಸ್ತರನೆಂಬ ಏಕೈಕ ಅರ್ಹತೆಯ ಮೇಲೆ ನಾನು ಅಧ್ಯಕ್ಷ.

ಯೋಜನೆಯ ಕಡೆಯಿಂದ ಬಂದವರು ಇಬ್ಬರು. ಒಬ್ಬರು ಎಂಜಿನಿಯರು. ಇನ್ನೊಬ್ಬರು ರಾಯಬಾಗದ ಕಡೆಯ ಹೆಣ್ಣುಮಗಳು, ‘ಸಾಮಾಜಿಕ ಅಪಾಯ ನಿರ್ವಹಣಾಧಿಕಾರಿ’ ಎಂಬ, ಒಂದೇ ಉಸಿರಿಗೆ ದಕ್ಕದ ಹುದ್ದೆಯವರು. ಕಾಮಗಾರಿಯಿಂದ ಜನರ ಬಾಳಿನಲ್ಲಿ ಏನು ಕೆಡಬಹುದೆಂದು ಮೊದಲೇ ಹುಡುಕುವುದು ಈ ಮೇಡಂ ಅವರ ಕೆಲಸ. ಸಭೆಗೆ ಮುನ್ನ ಇಬ್ಬರಿಗೂ ರೊಟ್ಟಿ, ಝುಣಕ, ಮೊಸರು ಬಡಿಸಿದೆವು. ಅಲ್ಲಿಗೆ ಸಭೆ ಮುಗಿದಂತೆಯೇ.

ಎಂಜಿನಿಯರು ನಕ್ಷೆ ಬಿಡಿಸಿದರು. ಪೈಪು ಹೊತ್ತ ಲಾರಿಗಳು ನಮ್ಮ ವೈನಿಯ, ಅಂದರೆ ತೀರಿಹೋದ ಅಣ್ಣನ ಹೆಂಡತಿಯ, ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಮಣ್ಣಿನ ದಾರಿಯಲ್ಲಿ ಹಗಲಿಡೀ ಓಡಾಡಲಿದ್ದವು. ಶೆಡ್ಡಿಗೆ ಗೋಡೆಯಿಲ್ಲ, ಗಾಳಿಯೇ ಒಣಗಿಸಬೇಕು. ಎಣ್ಣೆಯ ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವಿದ ಹಣ್ಣಿಗೆ ಧೂಳು ಕೂತರೆ ಏಳುವುದಿಲ್ಲ. ವೈನಿಯ ಇಡೀ ವರ್ಷದ ಬೆಳೆ ಆಗ ಆ ಬಲೆಗಳ ಮೇಲಿತ್ತು.

“ಯಾರಿಗರೆ ತ್ರಾಸ ಐತೇನ್ರಿ?” ಮೇಡಂ ಕೇಳಿದರು.

“ಏನೂ ಇಲ್ರಿ, ಛಲೋ ಆತು,” ಎಂದಿತು ಸಭೆ. ವೈನಿಯೂ ತಲೆಯಾಡಿಸಿದರು. ಅಧ್ಯಕ್ಷನ ತಲೆ ಎಲ್ಲರದಕ್ಕಿಂತ ಜೋರಾಗಿ ಆಡಿತು.

ಎಂಜಿನಿಯರು ಖುಷಿಯಿಂದ ನಕ್ಷೆ ಸುತ್ತಿದರು. ಮೇಡಂ ಮುಖ ಮಾತ್ರ ಸಣ್ಣದಾಯಿತು. ಜಗಳ ಕಂಡು ಹೆದರುವ ಅಧಿಕಾರಿಗಳನ್ನು ಬೇಕಾದಷ್ಟು ನೋಡಿದ್ದೇನೆ; ಒಪ್ಪಿಗೆ ಕಂಡು ಹೆದರಿದವರು ಇವರೊಬ್ಬರೇ.

ಮರುದಿನ ಬೆಳಿಗ್ಗೆ ಮೇಡಂ ಒಬ್ಬರೇ ಶೆಡ್ಡಿಗೆ ಬಂದರು. ನಾನು ಅಲ್ಲೇ ಇದ್ದೆ. ವೈನಿ ಚಹಾಕ್ಕಿಡಲು ಹೋದರೆ ಕೈ ಅಡ್ಡ ಹಿಡಿದರು.

“ಚಾ ಬ್ಯಾಡ್ರಿ ಅಕ್ಕಾರ, ನೀರೂ ಬ್ಯಾಡ. ನಾನೂ ಇದ ಸೀಮ್ಯಾಕಿ. ನಿನ್ನಿ ಉಂಡು ಕೇಳಿದ್ದ ತಪ್ಪಾತು. ಇವತ್ತ ಬೈಸ್ಕೊಳ್ಳಾಕ ಬಂದೀನಿ. ಬೈರಿ.”

ಇಂಥ ಪ್ರಸಂಗಕ್ಕೆ ನಮ್ಮಲ್ಲಿ ಶಾಸ್ತ್ರವಿರಲಿಲ್ಲ. ಆದರೂ ಬಂದ ಅವಕಾಶ ಬಿಡುವವರಲ್ಲ ನಮ್ಮ ವೈನಿ.

“ಬೈಯಲೇನ? ಲಾರಿ ಓಡಿಸಿ ನನ್ನ ದ್ರಾಕ್ಷಿಗೆ ಮಣ್ಣಿನ ಅಂಗಿ ತೊಡಸ್ತೀರೇನ? ಯಾಂವ ತಗೋತಾನ ಅದನ್ನ? ಆ ನಿಮ್ಮ ಇಂಜನೇರ ಕಡದ ನುಂಗತಾನೇನ?”

“ಹಾಂ, ಹಿಂಗ ಹೇಳ್ರಿ!” ಮೇಡಂ ಮುಖ ಅರಳಿತು.

ಅಂದೇ ಎಂಜಿನಿಯರನ್ನು ಕರೆಸಿ, ಬಿಳಿ ಅಂಗಿಯ ಸಮೇತ ಶೆಡ್ಡಿನ ದಾರಿಬದಿಯ ಖಾಲಿ ಮೂಲೆಯಲ್ಲಿ ನಿಲ್ಲಿಸಿ, ದಾರಿಯಲ್ಲಿ ಒಂದು ಲಾರಿ ಓಡಿಸಿದರು. ಆಮೇಲೆ ಲಾರಿಗಳನ್ನು ಹಳ್ಳದಾಚೆಯ ದಾರಿಗೆ ತಿರುಗಿಸಿ ಎಂದರು. ಎಂಜಿನಿಯರು ಕೆಮ್ಮುತ್ತ ಅಂದರು, “ಹಳ್ಳದಾಚಿ ದಾರಿ ಭಾಳ ಸುತ್ತ ಆಕ್ಕೈತ್ರಿ ಮೇಡಂ.”

“ಆಗ್ಲಿ ಸರ್. ದ್ರಾಕ್ಷಿ ಇಳಿಸೂತನಾ ಸುತ್ತ ಹೊಡೀಲಿ.”

ಎಂಜಿನಿಯರು ತಮ್ಮ ಅಂಗಿಯನ್ನೊಮ್ಮೆ ಅವಲೋಕಿಸಿ ಒಪ್ಪಿದರು.

ಬಲೆಗಳಿಂದ ಒಣದ್ರಾಕ್ಷಿ ಇಳಿಸಿದ ದಿನ ಮೇಡಂ ಬಂದರು. ವೈನಿ ಒಂದು ಮುಷ್ಟಿ ಅವರ ಅಂಗೈಗೆ ಸುರಿದರು. ಅವರು ಅಗಿಯುವಾಗ ನಾವೆಲ್ಲ ದವಡೆಯನ್ನೇ ನೋಡುತ್ತ ನಿಂತೆವು. ಹಲ್ಲಿಗೆ ಮಣ್ಣು ಸಿಗಲಿಲ್ಲ.

“ಈಗರೆ ಚಾ ಕುಡೀತೀರಿಲ್ಲೋ?” ವೈನಿ ಕೇಳಿದರು.

“ಮದ್ಲ ಹೇಳ್ರಿ, ಮತ್ತೇನರೆ ತ್ರಾಸ ಐತೇನು? ಕುಡದ ಮ್ಯಾಲ ನೀವು ಬಾಯಿ ಬಿಡಾಂಗಿಲ್ಲ.”

ವೈನಿ ಕುದಿಯುತ್ತಿದ್ದ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿದರು. “ಹಂಗಾದ್ರ ಕುಂದರ್ರಿ. ಬಾವಿ ಹತ್ರ ತೋಡಿದ ತೆಗ್ಗ ಇನ್ನೂ ಮುಚ್ಚಿಲ್ಲ ನಿಮ್ಮ ಮಂದಿ…”

ಆ ಚಹಾವನ್ನು ಮತ್ತೆ ಮತ್ತೆ ಕಾಸಬೇಕಾಯಿತು.