ರುಕ್ಮಣಿಯಮ್ಮ ಹೇಳಿಕೊಟ್ಟ ಸಿನಿಮಾ

ನೋಡಲೇಬೇಕು ಅಂತ ಸಿನಿಮಾ ಶಿಫಾರಸು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ತಮಿಳು ಸೀಮೆಗೆ ಬಂದು ವಾರಕ್ಕೆ ಆರು ದಿನ ಪೀಳಮೇಡಿನ ಆಫೀಸಿನಲ್ಲಿ ಹೈರಾಣಾದವಳಿಗೆ ಭಾನುವಾರ ಬೇಕಾದ್ದು ಹಾಸಿಗೆ. ಆದರೆ ಸಿಂಗಾನಲ್ಲೂರಿನ ನಮ್ಮ ಮನೆ ಓನರ್ ರುಕ್ಮಣಿಯಮ್ಮ ಬೆನ್ನು ಬಿಡಲಿಲ್ಲ.

"ಒಂದು ಸಿನಿಮಾ ಪಡ ಬಂದೈತೆ, ನನ್ನ ಕಣ್ಣು. ದೊಡ್ಡವಳಾಗೋ ಹುಡುಗಿ ಕತೆ. ನೀ ನೋಡಲೇಬೇಕು."

"ನನಗೆ ತಮಿಳು ಬರಲ್ಲವಲ್ಲಮ್ಮ."

"ಅದಕ್ಕೇನು, ಪಕ್ಕದಲ್ಲಿ ಕುಂತು ನಾ ಹೇಳ್ತೀನಿ."

ಅವರದು ನೇಕಾರರ ಮನೆ, ಮನೆಮಾತು ಕನ್ನಡ, ಕನ್ನಡ ಅಕ್ಷರ ಮಾತ್ರ ಬಾರದು. ಹನ್ನೊಂದನೇ ವಯಸ್ಸಿನಿಂದ ನೂಲು ಸುತ್ತಿ ಸುತ್ತಿ ಬಲಗೈ ಮಣಿಕಟ್ಟು ಸೊಟ್ಟಗಾಗಿದೆ. ಐವತ್ತೆಂಟಕ್ಕೇ ಎಂಬತ್ತರ ಸುಸ್ತು.

ಅವರಿಗೆ ಒಬ್ಬಳೇ ಮಗಳು, ನಿತ್ಯಾ. ಹತ್ತನೇ ತರಗತಿಯ ಪರೀಕ್ಷೆಗೆ ಎರಡು ದಿನ ಇರುವಾಗ ಮೈನೆರೆದಳಂತೆ. ಇವರಲ್ಲಿ ಅಂಥ ಹುಡುಗಿಯನ್ನು ತೆಂಗಿನ ಗರಿಯ ಗುಡಿಸಲಲ್ಲಿ ಕೂರಿಸುತ್ತಾರೆ. ಸೋದರಮಾವ ಸೀರೆ, ಬಳೆ, ಹಣ್ಣಿನ ತಟ್ಟೆ ತಂದು ಶಾಸ್ತ್ರ ಮುಗಿಸುವ ತನಕ ಹೊಸ್ತಿಲು ದಾಟುವಂತಿಲ್ಲ. ಮಾವ ತಂಗವೇಲು ಒಳ್ಳೆಯ ದಿನ ನೋಡಿಕೊಂಡು ಬರುವ ಹೊತ್ತಿಗೆ ಐದು ಪರೀಕ್ಷೆಯೂ ಮುಗಿದಿತ್ತು. ಆಮೇಲೆ ಮತ್ತೆ ಪರೀಕ್ಷೆ ಬರಿ ಅಂದರೆ ನಿತ್ಯಾ ಕೇಳಲಿಲ್ಲ. ಪುಸ್ತಕವನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿ ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದಳು.

ಅದಾಗಿ ಹದಿನಾರು ವರ್ಷ. ಪ್ರತಿ ಭಾನುವಾರ ಬರುತ್ತಾಳೆ, ಅಡುಗೆ ಮಾಡುತ್ತಾಳೆ, ಬಸ್ಸು ಹತ್ತುತ್ತಾಳೆ. ಗ್ಯಾಸು, ನೀರು, ಮಾತ್ರೆ ಬಿಟ್ಟರೆ ತಾಯಿ ಮಗಳ ನಡುವೆ ಮಾತಿಲ್ಲ. "ತಪ್ಪು ನಂದು ಅಂತ ಒಂದು ಸಲ ಹೇಳಿಬಿಡಬೇಕು, ಬಾಯೇ ಬರಲ್ಲ" ಎಂದು ರುಕ್ಮಣಿಯಮ್ಮ ನನ್ನ ಮುಂದೆ ಅತ್ತಿದ್ದರು. ನನ್ನ ಮುಂದೆ ಅತ್ತು ಏನು ಬಂತು ಅಂತ ನನಗೆ ಸಿಟ್ಟೇ ಬಂದಿತ್ತು.

ಕೊನೆಗೆ ಒಂದು ಭಾನುವಾರ ಅವರ ಟಿವಿ ಮುಂದೆ ಕೂತೆ. ನಿತ್ಯಾ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ತೆರೆಯ ಮೇಲೂ ಅದೇ ಗರಿಯ ಗುಡಿಸಲು, ಒಳಗೆ ಪುಸ್ತಕ ಬಚ್ಚಿಟ್ಟುಕೊಂಡ ಹುಡುಗಿ. ರುಕ್ಮಣಿಯಮ್ಮ ಒಂದೊಂದು ಮಾತನ್ನೂ ಕನ್ನಡಕ್ಕೆ ತಂದರು. ಅರ್ಧ ತಮಿಳೇ ಇದ್ದರೂ ನನಗೆ ಎಲ್ಲ ತಿಳಿಯಿತು. ನಿದ್ದೆ ಹಾರಿಹೋಗಿ, ಆ ಹುಡುಗಿಯ ಅಮ್ಮನಿಗೆ ಎರಡು ಬಾರಿಸಬೇಕು ಅನ್ನಿಸಿತು.

ಪರೀಕ್ಷೆ ತಪ್ಪಿದ ಸಂಜೆ ಆ ಅಮ್ಮ ಊಟದ ತಟ್ಟೆ ತಂದು ಮಗಳ ಮುಂದಿಟ್ಟಳು. ಏನೋ ಎರಡು ಮಾತಾಡಿದಳು, ಅಷ್ಟೇ.

"ಏನಂದಳು?" ಎಂದೆ.

ರುಕ್ಮಣಿಯಮ್ಮ ತೆರೆ ನೋಡುತ್ತಲೇ ನಿಧಾನವಾಗಿ ಹೇಳಿದರು. "ನಿನ್ನ ಪರೀಚ್ಚೆಗೆ ಕಳಿಸಬೇಕಿತ್ತು. ಊರು ಏನಂತದೋ ಅಂತ ಹೆದರಿದೆ. ತಪ್ಪು ನಂದೇ ತಾಯಿ, ಅಂತಾಳೆ."

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ನಿತ್ಯಾ ಬಾಗಿಲಿಗೆ ಬಂದಳು.

"ಅವಳು ಹಂಗೆ ಅನ್ನಲೇ ಇಲ್ಲಮ್ಮ. ತಿನ್ನು, ಆರಿ ಹೋಗ್ತದೆ ಅಂದಳು."

"ಗೊತ್ತು."

ನಿತ್ಯಾ ಟಿವಿ ಆರಿಸಿ ತಾಯಿಯ ಎದುರು ನೆಲದ ಮೇಲೆ ಕೂತಳು. ಅವಳ ಮುಖದಲ್ಲೂ ಅಷ್ಟೇ ದಣಿವಿತ್ತು.

"ಇನ್ನೊಂದು ಸಲ ಹೇಳು."

"ಅವಳು ಹೇಳಿದ್ದಾ?"

"ನೀ ಹೇಳಿದ್ದು."