ಖಾಯಂ ಗಿರಾಕಿಗಳ ಎಲೆ

ಮಾಸೂರಿನಿಂದ ಚಕ್ಕಡಿಯಲ್ಲಿ ಹಿರೇಕೆರೂರಿಗೆ ಬಂದು ಹಾನಗಲ್ಲಿನ ಬಸ್ಸು ಹಿಡಿದಾಗ ಬಿಸಿಲಿನ್ನೂ ಏರಿರಲಿಲ್ಲ. ಅಕ್ಕನ ನಿಶ್ಚಯಕ್ಕೆ ಸವಣೂರಿನ ವೀಳ್ಯದೆಲೆಯೇ ಆಗಬೇಕೆಂಬುದು ಅಪ್ಪನ ಹಟ. ಎಲೆ ಹಿರೇಕೆರೂರಿನ ಸಂತೆಯಲ್ಲೂ ಸಿಗುತ್ತದಲ್ಲ ಎಂದು ವಾದಿಸಿದೆ. “ಅಜ್ಜನ ಕಾಲದಿಂದ ಹುಸೇನಸಾಬನ ತೋಟದ್ದ ತರತೇವಿ. ಹೋಗಿ ತಾ,” ಎಂದ ಅಪ್ಪ. ಧಾರವಾಡದ ಕಾಲೇಜಿನಲ್ಲಿ ಚರ್ಚೆಯ ಬಹುಮಾನ ಗೆದ್ದವನ ವಾದ ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ಹಾನಗಲ್ಲಿನವರೆಗೆ ಟಿಕೀಟು ಒಂದೂಕಾಲು ರೂಪಾಯಿ, ಧೂಳು ಪುಕ್ಕಟೆ. ಅಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಬಸ್ಸು ಬದಲಿಸಿದೆ. ಶಿಗ್ಗಾವಿಯಲ್ಲಿ ಎರಡು ತಾಸು ಕಾಯಬೇಕಾಯಿತು. ಚುನಾವಣೆಯ ದಿನಗಳು, ಆಳುವ ಪಕ್ಷದ ಇಬ್ಬರು ಕಾರ್ಯಕರ್ತರು ಚಹದಂಗಡಿಯಲ್ಲಿ ಊರೂರಿನ ಮತದ ಲೆಕ್ಕ ಹಾಕುತ್ತಿದ್ದರು. ಸವಣೂರಿನ ಮುಸಲ್ಮಾನರ ಓಣಿಯ ಹೆಸರು ಬಂದಾಗ ಒಬ್ಬ ಕೈ ಬೀಸಿದ: “ಅವನ್ನ ಎಣಸೂದ ಬ್ಯಾಡೋ ಮಾರಾಯಾ. ಪೆಟಿಗ್ಯಾಗ ಬಿದ್ದಂಗ ಅವು.”

ಸವಣೂರು ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಹುಸೇನಸಾಬರು ತೋಟದ ನೆರಳಿನಲ್ಲಿ ಎಲೆ ಜೋಡಿಸುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಜುಬೇದಾ, ಮಡಿಲಲ್ಲಿ ಉರ್ದು ಪುಸ್ತಕ.

“ಎಷ್ಟನೇತ್ತೆ ಓದ್ತೀ?” ಎಂದೆ.

“ನಾಕನೇತ್ತೆ.”

“ಹೋದ ವರ್ಷ ಎಷ್ಟನೇತ್ತೆ ಇದ್ದಿ, ಅದನ್ನೂ ಕೇಳು ತಮ್ಮಾ,” ಎಂದರು ಮುದುಕರು. “ಆಗೂ ನಾಕನೇತ್ತೆ! ಪಾಸಾಗ್ಯಾಳ. ಆದ್ರ ಹುಡಿಗ್ಯಾರ ಸಾಲ್ಯಾಗ ಐದನೇತ್ತೆ ಇಲ್ಲ. ಖಾಲಿ ಕುಂಡ್ರೂದ ಬ್ಯಾಡಂತ ಅದಕ್ಕ ಕಳಸ್ತೇನಿ. ಪುಸ್ತಕ ಬಾಯಿಪಾಠ ಆಗೇತಿ. ಜೂನ್‌ಕ ಐದನೇತ್ತೆ ಬರಲಿಲ್ಲಂದ್ರ ಸಾಲಿ ಬಿಡಸೂದ ಅಂತಾಳ ಇವಳವ್ವ.”

ಮುಂಬೈ ಸರಕಾರವಿದ್ದಾಗ ಒಮ್ಮೆ, ಮೈಸೂರು ರಾಜ್ಯವಾದ ಮೇಲೆ ಇನ್ನೊಮ್ಮೆ ಆಳುವ ಪಕ್ಷವೇ ಐದನೇ ತರಗತಿಯ ಮಾತು ಕೊಟ್ಟಿತ್ತಂತೆ.

“ಹಂಗಾದ್ರ ಬ್ಯಾರೇದವರಿಗೆ ಓಟ ಹಾಕ್ರಿ, ಕಾಕಾ,” ಎಂದೆ. ಇದಕ್ಕಿಂತ ನೇರ ತರ್ಕ ಯಾವುದಿದೆ?

“ಬ್ಯಾರೇದವರು ನಮ್ಮ ಓಣಿಗೆ ಕಾಲ ಇಡಂಗಿಲ್ಲ. ಇವರು ಬರ್ತಾರ, ಕೊಡಂಗಿಲ್ಲ. ನಾವು ಎಲ್ಲಿ ಹೋಗ್ತೇವಿ ಅಂತ ಇವರಿಗೂ ಗೊತ್ತೈತಿ.” ಒಂದು ಪೆಂಡಿ ಎತ್ತಿ ತೋರಿಸಿದರು. “ಹೊಸಾ ಗಿರಾಕಿ ಬಂದ್ರ ಇದನ್ನ ಬಿಚ್ಚಿ, ಒಳಗಿನ ಎಲಿ ತೋರಸಬೇಕು. ಖಾಯಂ ಗಿರಾಕಿಗೆ ಯಾರ ಬಿಚ್ಚತಾರ? ನಾವು ಖಾಯಂ ಗಿರಾಕಿ.”

ಚರ್ಚಾಕೂಟದಲ್ಲಾಗಿದ್ದರೆ ಏನಾದರೂ ಉತ್ತರ ಹೊಸೆಯುತ್ತಿದ್ದೆ. ಇಲ್ಲಿ ಬಗ್ಗಿ ಅವರ ಜೊತೆ ಎಲೆ ಜೋಡಿಸತೊಡಗಿದೆ.

ಸಂಜೆ ಪಕ್ಷದ ಜೀಪು ಬಂತು. ಇಳಿದ ಮುಖಂಡರು ಹುಸೇನಸಾಬರನ್ನು ತಬ್ಬಿಕೊಂಡರು, ಶರಬತ್ತು ಕುಡಿದರು, ಗಡಿಯಾರ ನೋಡಿದರು. ಆಮೇಲೆ ಅಂಗೈ ಚಾಚಿದರು. ಓಟಿನ ಮಾತು ಕೊಟ್ಟೆವು ಎನ್ನುವುದಕ್ಕೆ ಓಣಿಯ ಹಿರಿಯರು ಆ ಅಂಗೈಯಲ್ಲಿ ಎಲೆ ಅಡಿಕೆ ಇಡಬೇಕು. ಹಿಂದಿನ ಎರಡೂ ಚುನಾವಣೆಗಳಲ್ಲಿ ಇಟ್ಟವರು ಹುಸೇನಸಾಬರೇ. ಈಗ ಮುದುಕರು ಕೈ ಕಟ್ಟಿಕೊಂಡು ನಿಂತರು.

“ಯಾಕ ಸಾಬ್ರ, ಸವಣೂರಾಗ ಎಲೀಗೆ ಬರ ಬಂತೇನು?” ಮುಖಂಡರು ನಕ್ಕರು.

“ಎಲಿ ಬೇಕಾದಷ್ಟ ಅದಾವ್ರಿ. ಐದನೇತ್ತೆ ಹುಕುಂ ಕಾಗದ ತರ್ರಿ. ಈ ಕೈಲೆ ಇಡತೇನಿ.”

“ನಮ್ಮ ನಿಮ್ಮ ನಡುವ ಕಾಗದ ಯಾಕ? ನೀವು ಮನ್ಯಾಗಿನವ್ರು.”

“ಮನ್ಯಾಗಿನವ್ರು ಅಂತ ಎರಡ ಸಲ ತಡದೇವ್ರಿ. ಈ ಸಲ ಹೊರಗಿನವ್ರು ಅಂತ ತಿಳೀರಿ.”

ಚಾಚಿದ ಅಂಗೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಮುಖಂಡರು ಅದರಿಂದ ಟೊಪ್ಪಿಗೆ ಸರಿಪಡಿಸಿಕೊಂಡು ಜೀಪು ಹತ್ತಿದರು. ಕಾಗದದ ಮಾತು ಮಾತ್ರ ಆಡಲಿಲ್ಲ.

“ಜೂನ್‌ಕ ಬರತೈತೇನಜ್ಜಾ?” ಜುಬೇದಾ ಕೇಳಿದಳು.

“ಗೊತ್ತಿಲ್ಲವ್ವಾ. ಕೇಳೂದಂತೂ ಕೇಳಿದೆ.”

ರಾತ್ರಿ ಅಲ್ಲೇ ಉಂಡು ಮಲಗಿದೆ. ಬೆಳಿಗ್ಗೆ ಹಸಿಬಟ್ಟೆಯಲ್ಲಿ ಸುತ್ತಿಟ್ಟ ನಮ್ಮ ಪೆಂಡಿಗಳನ್ನು ಎತ್ತಿಕೊಳ್ಳುವಷ್ಟರಲ್ಲಿ ಹುಸೇನಸಾಬರು ತಡೆದರು. ಒಂದೊಂದನ್ನೂ ಬಿಚ್ಚಿ, ಎಲೆ ಮಗುಚಿ, ಚುಕ್ಕೆ ಬಿದ್ದವನ್ನು ತೆಗೆದು ಹೊಸದು ಸೇರಿಸಿದರು. ತೆಗೆದವು ಒಂದು ಹಿಡಿಗಿಂತ ಹೆಚ್ಚೇ ಇದ್ದವು. ನಾನು ನೋಡಿದೆನೆಂದು ಅವರಿಗೂ ಗೊತ್ತಾಯಿತು, ತಲೆ ಎತ್ತಲಿಲ್ಲ.

ಅಂದೇ ಸಂಜೆ ಮಾಸೂರಿನಲ್ಲಿ ಅಪ್ಪ ಪೆಂಡಿ ಕೈಗೆತ್ತಿಕೊಂಡು ಹುಬ್ಬು ಗಂಟಿಕ್ಕಿದ.

“ಕಟ್ಟಿದ್ದ ದಾರ ಹೊಸಾದೈತಿ. ನಡುವ ಯಾರ ಬಿಚ್ಚಿದ್ರು?”

“ಹುಸೇನಸಾಬ್ರ ಬಿಚ್ಚಿದ್ರು.”

“ನಮಗ? ಅವನೇನ ನಮ್ಮನ್ನ ಹೊಸಬರಂತ ತಿಳದಾನ?”

“ಹೌದಪ್ಪಾ,” ಎಂದೆ. ಅಂದು ನಾನು ವಾದಿಸಲಿಲ್ಲ.